ಕೆರೆ ಕಂಡರೆ ಸೈಟಿಗೆ ರೇಟು

ಹುಬ್ಬಳ್ಳಿಯ ಉಣಕಲ್ ಕೆರೆಯ ಆಸುಪಾಸಿನಲ್ಲಿ ಸೈಟು ತೋರಿಸುವ ಏಜೆಂಟರ ಮೊದಲ ಮಾತು, ‘ಬಾಗ್ಲಾ ತಗದ್ರ ಕೆರಿ ಕಾಣ್ತೈತ್ರೀ.’ ಅಳತೆ, ದಿಕ್ಕು, ಎನ್‌ಎ (ಕೃಷಿಯೇತರ ಜಾಗ ಎಂಬ) ಕಾಗದ ಎಲ್ಲ ಆಮೇಲೆ.

ಸುಮಾರು 200 ಎಕರೆಯ ಆ ಕೆರೆ ಊರಿಗೆ ಕುಡಿಯುವ ನೀರು ಕೊಡುತ್ತಿತ್ತು, ನೋಟಕ್ಕೆಂದು ಇದ್ದದ್ದಲ್ಲ. ನೀರಸಾಗರ ಜಲಾಶಯದ ನೀರು, ಆಮೇಲೆ ಸವದತ್ತಿ ಕಡೆಯಿಂದ ಮಲಪ್ರಭೆ ನಳಕ್ಕೆ ಬಂದ ಮೇಲೆ ಅದಕ್ಕೆ ಆ ಕೆಲಸ ತಪ್ಪಿತು. ದಂಡೆಗೆ ಉದ್ಯಾನ, ನಡುನೀರಿಗೆ ವಿವೇಕಾನಂದರ ಪ್ರತಿಮೆ ಬಂದವು. ಆದರೂ ನೀರಿನ ಲೆಕ್ಕ ಮನೆಯ ದರದಿಂದ ಹೋಗಲಿಲ್ಲ. ‘ನೀರು ಎಷ್ಟು ದಿನಕ್ಕೊಮ್ಮಿ ಬರ್ತೈತಿ?’ ಎಂದು ಕೇಳದೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಯಾರೂ ಮನೆ ಹಿಡಿಯುವುದಿಲ್ಲ. 2008ರಲ್ಲಿ ಕೆಲವೇ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂದಾಗ ಪಕ್ಕದ ಓಣಿಯವರು ಹೊಟ್ಟೆ ಉರಿಸಿಕೊಂಡದ್ದು ಸುಳ್ಳಲ್ಲ.

ಗಾಳಿ, ನೀರು, ಹಸಿರಿಗೆ ಅಂಗಡಿಯಿಲ್ಲ. ಹಾಗಾದರೆ ಬೆಲೆ ಕಟ್ಟುವುದು ಹೇಗೆ? 1967ರಲ್ಲಿ ರಿಡ್ಕರ್ ಮತ್ತು ಹೆನ್ನಿಂಗ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಸೇಂಟ್ ಲೂಯಿಸ್‌ನ ಮನೆಬೆಲೆಗಳನ್ನು ಗಾಳಿಯ ಮಾಲಿನ್ಯದ ಜೊತೆ ಇಟ್ಟು ನೋಡಿದರು. ಹೊಗೆ ಹೆಚ್ಚಿದ್ದಲ್ಲಿ ಬೆಲೆ ಕಡಿಮೆ ಇತ್ತು. 1974ರಲ್ಲಿ ಶೆರ್ವಿನ್ ರೋಸೆನ್ ಇದಕ್ಕೆ ಸಿದ್ಧಾಂತದ ಬುನಾದಿ ಹಾಕಿದರು: ಮನೆ ಕೊಳ್ಳುವವರು ಕೋಣೆ, ರಸ್ತೆ, ಶಾಲೆ, ಗಾಳಿ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕೊಳ್ಳುತ್ತಾರೆ. ಗಂಟು ಬಿಚ್ಚಿದರೆ ಒಂದೊಂದರ ಪಾಲು ಸಿಗುತ್ತದೆ. ಬಿಚ್ಚುವುದೇ ಕಷ್ಟ, ಯಾಕೆಂದರೆ ಉದ್ಯಾನ ಇರುವಲ್ಲಿ ಅಗಲ ರಸ್ತೆಯೂ ಇರುತ್ತದೆ, ಉಳ್ಳವರೂ ಇರುತ್ತಾರೆ.

ನಮ್ಮಲ್ಲಿ ಇನ್ನೊಂದು ತೊಡಕು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆಸುವ ಮೊತ್ತ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರದ ಹತ್ತಿರ ನಿಲ್ಲುತ್ತದೆ, ಉಳಿದದ್ದು ಕೈಯಿಂದ ಕೈಗೆ. ಕೆರೆನೋಟದ ಬೆಲೆ ಹೆಚ್ಚಾಗಿ ಆ ಉಳಿದದ್ದರಲ್ಲೇ ಇರುತ್ತದೆ ಎಂಬುದು ನನ್ನ ಅನುಮಾನ.

ನೋಟವೇ ಕಾಟವಾಗುವುದೂ ಉಂಟು. ಚರಂಡಿ ನೀರು ಸೇರಿ ಅಂತರಗಂಗೆ ಹಬ್ಬಿದಾಗ ಉಣಕಲ್ ಕೆರೆ ನೀರೇ ಕಾಣದ ಹಸಿರು ಬಯಲಾಗುತ್ತದೆ. ಆಗ ಕೊಳ್ಳುವವರು, ‘ಸೊಳ್ಳಿ ಭಾಳ ಅದಾವಲ್ರೀ’ ಎಂದು ಚೌಕಾಸಿ ಶುರು ಮಾಡುತ್ತಾರೆ.

2016ರಲ್ಲಿ ಅವಳಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಹುಬ್ಬಳ್ಳಿಯ ತೋಳನಕೆರೆಯಂಥ ಕಡೆ ಸರ್ಕಾರಿ ದುಡ್ಡಿನಿಂದಲೇ ಅಭಿವೃದ್ಧಿ ಆಯಿತು. ಕೆರೆ ಚೊಕ್ಕಟವಾದರೆ ಏರುವ ಬೆಲೆ ಮಾತ್ರ ದಂಡೆಯ ಮಾಲೀಕರಿಗೆ. ಅದರಲ್ಲಿ ಪಾಲಿಕೆಗೆ ತೆರಿಗೆಯಾಗಿ ಮರಳುವುದು ಮಾರ್ಗಸೂಚಿ ದರ ಗುರುತಿಸಿದಷ್ಟೇ. ಬಾಡಿಗೆಯವರ ಪಾಲಿಗೆ ಬರುವುದು ಮುಂದಿನ ಕರಾರಿನ ಹೆಚ್ಚಿದ ಬಾಡಿಗೆ.