ನರಕೋಶದ ಡಿಎನ್‌ಎ ಮೇಲಿನ ಮೀಥೈಲ್ ಗುರುತು ಮತ್ತು ಅದನ್ನು ಓದುವ ಪ್ರೊಟೀನ್

ರೆಟ್ ಸಿಂಡ್ರೋಮ್ ಇರುವ ಹೆಣ್ಣುಮಗು ಹುಟ್ಟಿದಾಗ ಆರೋಗ್ಯವಾಗಿಯೇ ಕಾಣುತ್ತದೆ. ನಗುತ್ತದೆ, ಆಟಿಕೆಗೆ ಕೈ ಚಾಚುತ್ತದೆ, ಎಷ್ಟೋ ಸಲ ಒಂದೆರಡು ಮಾತನ್ನೂ ಕಲಿತಿರುತ್ತದೆ. 6ರಿಂದ 18 ತಿಂಗಳ ನಡುವೆ ಅದರ ಬೆಳವಣಿಗೆ ಕುಂಠಿತಗೊಳ್ಳುತ್ತದೆ. ಅನಂತರ ಕಲಿತ ಮಾತು ಮರೆಯಾಗಿ, ವಸ್ತುವನ್ನು ಹಿಡಿಯುತ್ತಿದ್ದ ಕೈಗಳು ಎದೆಯ ಮುಂದೆ ಒಂದನ್ನೊಂದು ಸತತವಾಗಿ ಹೊಸೆಯತೊಡಗುತ್ತವೆ. ವಿಯೆನ್ನಾದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ ಈ ಕೈಚಲನೆಯನ್ನೇ ಮುಖ್ಯ ಸುಳಿವಾಗಿ ಹಿಡಿದು 1966ರಲ್ಲಿ ಕಾಯಿಲೆಯ ವಿವರ ಪ್ರಕಟಿಸಿದರು. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಬರುತ್ತದೆ.

1999ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹುದಾ ಜೋಘ್ಬಿಯವರ ತಂಡ ಇದರ ಮೂಲವನ್ನು ಗುರುತಿಸಿತು. ಎಕ್ಸ್ ವರ್ಣತಂತುವಿನ ಮೇಲಿರುವ ಒಂದು ಜೀನ್‌ನಲ್ಲಿ ದೋಷವಿತ್ತು. ಆ ಜೀನ್ ತಯಾರಿಸುವ ಪ್ರೊಟೀನ್‌ಗೆ ಮೆಕ್‌ಪಿ2 ಎಂದು ಹೆಸರು. ದೋಷ ಭ್ರೂಣಾವಸ್ಥೆಯಿಂದಲೂ ಇರುತ್ತದೆ. ಹಾಗಿದ್ದ ಮೇಲೆ ಅದರ ಪರಿಣಾಮ ಹುಟ್ಟಿದ ಎಷ್ಟೋ ತಿಂಗಳ ನಂತರ ಏಕೆ ತೋರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವರು ಮಿದುಳಿನ ಕೋಶಗಳ ಡಿಎನ್‌ಎ ಮೇಲಿರುವ ರಾಸಾಯನಿಕ ಗುರುತುಗಳ ಬಗ್ಗೆ ತಿಳಿಸಿಕೊಟ್ಟದ್ದು ಬಹಳ. ಗುರುತು ಇದ್ದ ಮಾತ್ರಕ್ಕೆ ಜೀನ್ ಸುಮ್ಮನಾಗುವುದಿಲ್ಲ, ಎಷ್ಟೋ ಕಡೆ ಆ ಗುರುತನ್ನು ಓದಿ ಕೆಲಸ ನಡೆಸುವ ಒಂದು ಪ್ರೊಟೀನೂ ಬೇಕು ಎಂಬುದು ಅದರಲ್ಲಿ ಮುಖ್ಯವಾದದ್ದು.

ಗುರುತು ಬಹಳ ಸಣ್ಣದು. ಒಂದು ಕಾರ್ಬನ್ ಮತ್ತು ಮೂರು ಹೈಡ್ರೋಜನ್ ಪರಮಾಣುಗಳ ಮೀಥೈಲ್ ಗುಂಪು, ಡಿಎನ್‌ಎ ಸಂಕೇತದ ಅಕ್ಷರಗಳೆನಿಸಿದ ನಾಲ್ಕು ಪ್ರತ್ಯಾಮ್ಲಗಳಲ್ಲಿ ಒಂದಾದ ಸೈಟೋಸಿನ್‌ನ ಐದನೆಯ ಸ್ಥಾನಕ್ಕೆ ಅಂಟಿಕೊಳ್ಳುತ್ತದೆ. ಅದರಿಂದ ಸಂಕೇತದ ಅಕ್ಷರ ಬದಲಾಗುವುದಿಲ್ಲ. ಆ ಜೀನ್‌ನಿಂದ ತಯಾರಾಗುವ ಪ್ರೊಟೀನ್‌ನ ರಚನೆಯೂ ಬದಲಾಗುವುದಿಲ್ಲ. ಆದರೆ ಮೀಥೈಲ್ ಗುಂಪು ಡಿಎನ್‌ಎ ಸುರುಳಿಯ ಅಗಲವಾದ ತೋಡಿನೊಳಕ್ಕೆ ಚಾಚಿಕೊಂಡಿರುವುದರಿಂದ, ಆ ತೋಡಿನಲ್ಲಿ ಕೂರುವ ಕೆಲವು ಪ್ರೊಟೀನ್‌ಗಳಿಗೆ ಅದು ಅಡ್ಡಿಯಾಗುತ್ತದೆ, ಇನ್ನು ಕೆಲವಕ್ಕೆ ಹಿಡಿತ ಒದಗಿಸುತ್ತದೆ. ಒಂದು ಜೀನ್‌ನಿಂದ ಎಷ್ಟು ಆರ್‌ಎನ್‌ಎ ಪ್ರತಿಗಳು ಹೊರಬರಬೇಕು ಎಂಬುದರ ಮೇಲೆ ಇದು ಪ್ರಭಾವ ಬೀರುತ್ತದೆ.

ದೇಹದ ಹೆಚ್ಚಿನ ಕೋಶಗಳಲ್ಲಿ ಈ ಗುರುತು ಬೀಳುವುದು ಸೈಟೋಸಿನ್‌ನ ಪಕ್ಕದಲ್ಲಿ ಗ್ವಾನಿನ್ ಎಂಬ ಇನ್ನೊಂದು ಪ್ರತ್ಯಾಮ್ಲ ಇರುವ ಕಡೆ. ಮಾನವ ಜೀನೋಮಿನಲ್ಲಿ ಇಂಥ ಸುಮಾರು 2.8 ಕೋಟಿ ಜಾಗಗಳಿದ್ದು, ಅವುಗಳಲ್ಲಿ ಶೇ. 70ರಿಂದ 80ರಷ್ಟರ ಮೇಲೆ ಗುರುತಿರುತ್ತದೆ. ಈ ಜೋಡಿಯ ವಿಶೇಷವೆಂದರೆ ಡಿಎನ್‌ಎಯ ಎದುರು ಎಳೆಯಲ್ಲಿಯೂ ಅದೇ ಜೋಡಿ ತಿರುಗುಮುರುಗಾಗಿ ಇರುತ್ತದೆ. ಆದ್ದರಿಂದ ಕೋಶ ವಿಭಜನೆಯಾಗುವಾಗ ಹಳೆಯ ಎಳೆಯ ಗುರುತನ್ನು ನೋಡಿಕೊಂಡು ಹೊಸ ಎಳೆಗೂ ಅದನ್ನು ಹಾಕಲು ಕಿಣ್ವಕ್ಕೆ ಸಾಧ್ಯವಾಗುತ್ತದೆ.

ನರಕೋಶಗಳ ಕಥೆ ಬೇರೆ. ಅವು ಒಮ್ಮೆ ರೂಪುಗೊಂಡ ಮೇಲೆ ವಿಭಜನೆಯಾಗುವುದಿಲ್ಲ. ಬಹುತೇಕ ನರಕೋಶಗಳು ನಮ್ಮಷ್ಟೇ ಕಾಲ ಬದುಕುತ್ತವೆ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಜೋಸೆಫ್ ಎಕರ್ ಮತ್ತು ಸಂಗಡಿಗರು 2013ರಲ್ಲಿ ಮನುಷ್ಯ ಮತ್ತು ಇಲಿಯ ಮಿದುಳಿನ ಮುಂಭಾಗದ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಪರೀಕ್ಷಿಸಿದರು. ಇದಕ್ಕೆ ಬಳಸಿದ ಉಪಾಯ ಸೊಗಸಾದದ್ದು. ಬೈಸಲ್ಫೈಟ್ ಎಂಬ ರಾಸಾಯನಿಕವನ್ನು ಸೇರಿಸಿದಾಗ ಗುರುತಿಲ್ಲದ ಸೈಟೋಸಿನ್ ಬೇರೊಂದು ಪ್ರತ್ಯಾಮ್ಲವಾಗಿ ಮಾರ್ಪಡುತ್ತದೆ, ಗುರುತಿರುವ ಸೈಟೋಸಿನ್ ಹಾಗೆಯೇ ಉಳಿಯುತ್ತದೆ. ಆಮೇಲೆ ಅನುಕ್ರಮವನ್ನು ಓದಿದರೆ ಗುರುತು ಎಲ್ಲೆಲ್ಲಿತ್ತು ಎಂಬುದು ತಿಳಿಯುತ್ತದೆ. ಹೀಗೆ ಓದಿದಾಗ, ಪಕ್ಕದಲ್ಲಿ ಗ್ವಾನಿನ್ ಇಲ್ಲದ ಸೈಟೋಸಿನ್‌ಗಳ ಮೇಲೂ, ಅದರಲ್ಲಿಯೂ ಪಕ್ಕದಲ್ಲಿ ಅಡಿನಿನ್ ಇರುವವುಗಳ ಮೇಲೆ, ನರಕೋಶಗಳಲ್ಲಿ ಅಪಾರ ಸಂಖ್ಯೆಯ ಗುರುತುಗಳು ಕಂಡುಬಂದವು. ಭ್ರೂಣದ ಮಿದುಳಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಮಗು ಹುಟ್ಟಿದ ಮೇಲೆ ಮೊದಲ ಎರಡು ವರ್ಷಗಳಲ್ಲಿ, ಅಂದರೆ ನರಕೋಶಗಳ ನಡುವಿನ ಸಂಪರ್ಕಗಳು ಭರದಿಂದ ಏರ್ಪಡುವ ಅವಧಿಯಲ್ಲಿಯೇ, ಇವು ಬೇಗಬೇಗನೆ ಹೆಚ್ಚುತ್ತವೆ. ಅನಂತರ ಹದಿಹರೆಯದವರೆಗೂ ನಿಧಾನವಾಗಿ ಏರುತ್ತವೆ. ಇವನ್ನು ಹಾಕುವ ಕಿಣ್ವ ಡಿಎನ್‌ಎಂಟಿ3ಎ.

ಈಗ ಮೆಕ್‌ಪಿ2ಗೆ ಮರಳಬಹುದು. ಮೀಥೈಲ್ ಗುರುತಿರುವ ಡಿಎನ್‌ಎಗೆ ಅಂಟುವ ಈ ಪ್ರೊಟೀನನ್ನು ಏಡ್ರಿಯನ್ ಬರ್ಡ್ ಮತ್ತು ಸಂಗಡಿಗರು ಪ್ರತ್ಯೇಕಿಸಿದ್ದು 1992ರಲ್ಲಿ, ರೆಟ್ ಕಾಯಿಲೆಯೊಂದಿಗೆ ಅದರ ನಂಟು ಯಾರಿಗೂ ಗೊತ್ತಿಲ್ಲದಿದ್ದಾಗ. ಬಲಿತ ನರಕೋಶದಲ್ಲಿ ಅದರ ಪ್ರಮಾಣ ಬೆರಗು ಹುಟ್ಟಿಸುವಂಥದು. ಇಲಿಯ ಮಿದುಳಿನ ಒಂದೊಂದು ನರಕೋಶದ ಕೇಂದ್ರದಲ್ಲಿಯೂ ಸುಮಾರು 1.6 ಕೋಟಿ ಮೆಕ್‌ಪಿ2 ಅಣುಗಳಿರುತ್ತವೆ. ಅದರ ಒಂದು ಭಾಗ ಗುರುತಿರುವ ಸೈಟೋಸಿನ್ ಅನ್ನು ಹಿಡಿದುಕೊಂಡರೆ, ಇನ್ನೊಂದು ಭಾಗ ಎನ್‌ಕಾರ್ ಎಂಬ ಪ್ರೊಟೀನ್ ಸಮೂಹವನ್ನು ಅಲ್ಲಿಗೆ ಕರೆತರುತ್ತದೆ. ಆ ಸಮೂಹದ ಕಿಣ್ವವು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೊಟೀನ್‌ಗಳ ಮೇಲಿನ ಅಸಿಟೈಲ್ ಗುಂಪುಗಳನ್ನು ತೆಗೆದುಹಾಕುವುದರಿಂದ ಆ ಭಾಗದ ಜೀನ್‌ಗಳ ಚಟುವಟಿಕೆ ತಗ್ಗುತ್ತದೆ. ಹುಟ್ಟಿದ ಬಳಿಕ ನರಕೋಶಗಳಲ್ಲಿ ತುಂಬಿಕೊಳ್ಳುವ ಹೊಸ ಬಗೆಯ ಗುರುತುಗಳನ್ನೂ ಈ ಪ್ರೊಟೀನ್ ಓದುತ್ತದೆ. ಓದಬೇಕಾದ ಗುರುತುಗಳೇ ಇನ್ನೂ ಬಿದ್ದಿರದ ಕಾಲದಲ್ಲಿ ಓದುವ ಪ್ರೊಟೀನ್‌ನ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ರೆಟ್ ಕಾಯಿಲೆ ತಡವಾಗಿ ತೋರುವುದಕ್ಕೆ ಈಗ ದೊರೆತಿರುವ ವಿವರಣೆಗಳಲ್ಲಿ ನನಗೆ ಇದೇ ಅತ್ಯಂತ ಸಮಂಜಸವಾಗಿ ಕಾಣುತ್ತದೆ.

ಮೆಕ್‌ಪಿ2 ಇಲ್ಲದ ನರಕೋಶದಲ್ಲಿ ಸುಮ್ಮನಿರಬೇಕಾದ ಕೆಲವು ಜೀನ್‌ಗಳು ಹದ್ದುಮೀರಿ ಕೆಲಸ ಮಾಡುತ್ತಿರುತ್ತವೆ ಎಂದು ಆರಂಭದಲ್ಲಿ ಅನೇಕರು ನಿರೀಕ್ಷಿಸಿದ್ದರು. ಹಾಗೇನೂ ಆಗಿರಲಿಲ್ಲ. ಸಾವಿರಾರು ಜೀನ್‌ಗಳ ಚಟುವಟಿಕೆ ಸ್ವಲ್ಪ ಸ್ವಲ್ಪವೇ ಏರುಪೇರಾಗಿತ್ತು, ಹೆಚ್ಚು ಗುರುತುಗಳಿರುವ ಬಹು ಉದ್ದದ ಜೀನ್‌ಗಳು ಇರಬೇಕಾದದ್ದಕ್ಕಿಂತ ತುಸು ಹೆಚ್ಚು ಕೆಲಸ ಮಾಡುತ್ತಿದ್ದವು. ಕಚೇರಿಯೊಂದರಲ್ಲಿ ವೀಣೆ, ಪಿಟೀಲು, ಮೃದಂಗ ಎಲ್ಲವೂ ಕೂದಲೆಳೆಯಷ್ಟು ಶ್ರುತಿ ತಪ್ಪಿದರೆ ಯಾವ ಒಂದನ್ನೂ ದೂರಲಾಗದು, ಕಚೇರಿ ಮಾತ್ರ ಕೆಟ್ಟಿರುತ್ತದೆ. ಇಲ್ಲಿ ಆಗುವುದೂ ಅದೇ. ಮೀಥೈಲ್ ಗುರುತು ಜೀನ್‌ಗಳನ್ನು ಮುಚ್ಚುವ ಬೀಗವೆಂಬ ಜನಪ್ರಿಯ ವರ್ಣನೆ ನರಕೋಶದ ಮಟ್ಟಿಗೆ ಸಾಲದು ಎನ್ನುವುದು ಇದಕ್ಕಾಗಿಯೇ.

ಗುರುತುಗಳು ಶಾಶ್ವತವೂ ಅಲ್ಲ. ಅಂಜನಾ ರಾವ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿಕೊಟ್ಟಂತೆ ಟೆಟ್ ಎಂಬ ಕಿಣ್ವ ಮೀಥೈಲ್ ಗುಂಪಿಗೆ ಆಮ್ಲಜನಕ ಸೇರಿಸಿ ಅದರ ರೂಪ ಬದಲಿಸುತ್ತದೆ, ಅದು ಗುರುತನ್ನು ಅಳಿಸುವ ದಾರಿಯ ಮೊದಲ ಹೆಜ್ಜೆಯೂ ಆಗಬಲ್ಲದು. ಹೀಗೆ ರೂಪ ಬದಲಿಸಿದ ಸೈಟೋಸಿನ್ ನರಕೋಶಗಳಲ್ಲಿ ವಿಶೇಷವಾಗಿ ಹೇರಳವಾಗಿದೆ. ಇದರಿಂದ ಅನುಭವವೂ ಗುರುತುಗಳನ್ನು ಬದಲಿಸಬಹುದೆಂಬ ಆಲೋಚನೆಗೆ ಬಲ ಬಂತು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕಲ್ ಮೀನಿ, ಮೋಷೆ ಸಿಫ್ ಮತ್ತು ಸಂಗಡಿಗರು 2004ರಲ್ಲಿಯೇ, ತಾಯಿ ಹೆಚ್ಚು ನೆಕ್ಕಿ ಆರೈಕೆ ಮಾಡಿದ ಇಲಿಮರಿಗಳಲ್ಲಿ ಒತ್ತಡದ ಹಾರ್ಮೋನಿಗೆ ಸ್ಪಂದಿಸುವ ಒಂದು ಜೀನ್‌ನ ಮೇಲೆ ಗುರುತುಗಳು ಕಡಿಮೆಯಿರುತ್ತವೆಂದು ವರದಿ ಮಾಡಿದ್ದರು. ಮಹತ್ವದ ಕೆಲಸವದು. ಆದರೆ ಅದನ್ನು ಆಧಾರವಾಗಿಟ್ಟುಕೊಂಡು, ಮನುಷ್ಯರ ರಕ್ತ ಅಥವಾ ಜೊಲ್ಲಿನ ಮಾದರಿಯಿಂದ ಮನಸ್ಸಿನ ಇತಿಹಾಸವನ್ನೇ ಓದಬಹುದು ಎಂಬಂಥ ಮಾತುಗಳು ಕೇಳಿಬಂದಾಗ ಎಚ್ಚರ ಬೇಕು. ರಕ್ತದ ಕೋಶದ ಗುರುತುಗಳು ನರಕೋಶದ ಗುರುತುಗಳಲ್ಲ. ಮಿದುಳಿನಲ್ಲಿಯೇ ಒಂದು ಬಗೆಯ ನರಕೋಶಕ್ಕೂ ಇನ್ನೊಂದಕ್ಕೂ ಗುರುತುಗಳ ವಿನ್ಯಾಸ ಬೇರೆ.

ಎಡಿನ್‌ಬರೋದಲ್ಲಿ ಬರ್ಡ್ ಅವರ ತಂಡ 2007ರಲ್ಲಿ ನಡೆಸಿದ ಪ್ರಯೋಗವನ್ನು ಓದಿದಾಗ ಇಂದಿಗೂ ಮೈ ನವಿರೇಳುತ್ತದೆ. ಮೆಕ್‌ಪಿ2 ಜೀನ್‌ನೊಳಗೆ ಒಂದು ಅಡ್ಡತುಣುಕು ಸೇರಿಸಿ ಅದನ್ನು ನಿಷ್ಕ್ರಿಯಗೊಳಿಸಿದ ಇಲಿಗಳಿಗೆ ಕಾಯಿಲೆ ಬರುವವರೆಗೆ ಅವರು ಕಾದರು. ನಡಿಗೆ ಕೆಟ್ಟು, ಉಸಿರಾಟ ಏರುಪೇರಾದ ಮೇಲೆ, ಟಮಾಕ್ಸಿಫೆನ್ ಎಂಬ ಔಷಧಿ ಕೊಟ್ಟು ಆ ತುಣುಕು ಕಳಚಿಹೋಗುವಂತೆ ಮಾಡಿದರು. ನಿಧಾನವಾಗಿ ಪ್ರೊಟೀನ್ ಮರಳಿ ಬಂದ ಇಲಿಗಳಲ್ಲಿ ಹೆಚ್ಚಿನವು ಚೇತರಿಸಿಕೊಂಡವು. ನರಕೋಶಗಳು ಸತ್ತಿರಲಿಲ್ಲ, ಡಿಎನ್‌ಎ ಮೇಲಿನ ಗುರುತುಗಳು ಅಷ್ಟೂ ದಿನ ಅಲ್ಲಿಯೇ ಇದ್ದವು. ಆದರೆ ಪ್ರೊಟೀನ್ ಒಮ್ಮೆಲೇ ಮರಳಿದ ಇಲಿಗಳಲ್ಲಿ ಕೆಲವು ಸತ್ತವು.

ಮನುಷ್ಯರಲ್ಲಿ ಚಿಕಿತ್ಸೆ ಹುಡುಕುತ್ತಿರುವವರ ಮುಂದಿರುವ ಕಷ್ಟವೂ ಇದೇ. ಮೆಕ್‌ಪಿ2 ಜೀನ್‌ನ ಪ್ರತಿ ಒಂದರ ಬದಲು ಎರಡಾದ ಗಂಡುಮಕ್ಕಳಿಗೆ ಬೇರೆಯದೇ ತೀವ್ರ ಮಿದುಳಿನ ಕಾಯಿಲೆ ಬರುತ್ತದೆ. ರೆಟ್ ಇರುವ ಹುಡುಗಿಯ ಮಿದುಳಿನಲ್ಲಿ, ಪ್ರತಿ ಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಮಾತ್ರ ಸಕ್ರಿಯವಾಗಿರುವುದರಿಂದ, ಅರ್ಧದಷ್ಟು ನರಕೋಶಗಳಲ್ಲಿ ಸರಿಯಾದ ಜೀನ್ ಕೆಲಸ ಮಾಡುತ್ತಿರುತ್ತದೆ, ಉಳಿದರ್ಧದಲ್ಲಿ ಇಲ್ಲ. ಅಪಾಯಕಾರಿಯಲ್ಲದ ವೈರಸ್‌ನ ಮೂಲಕ ಜೀನ್ ಸೇರಿಸಿದರೆ ಅದು ಎರಡೂ ಬಗೆಯ ಕೋಶಗಳನ್ನು ಹೊಗುತ್ತದೆ. ಆದ್ದರಿಂದ 2023ರಿಂದ ರೋಗಿಗಳಲ್ಲಿ ಪರೀಕ್ಷೆಗೊಳಗಾಗುತ್ತಿರುವ ಜೀನ್ ಚಿಕಿತ್ಸೆಗಳಲ್ಲಿ, ಸೇರಿಸಿದ ಜೀನ್ ಯಾವ ಕೋಶದಲ್ಲಿಯೂ ಮಿತಿಮೀರಿ ಪ್ರೊಟೀನ್ ತಯಾರಿಸದಂತೆ ತನ್ನನ್ನು ತಾನೇ ತಡೆದುಕೊಳ್ಳುವ ಏರ್ಪಾಡನ್ನೂ ಜೊತೆಯಲ್ಲಿಯೇ ಅಳವಡಿಸಲಾಗಿದೆ.