ಕಲಾಕೇಂದ್ರವನ್ನು ಹೊತ್ತಿರುವ ಉಕ್ಕಿನ ಏತ

ಪ್ಯಾರಿಸ್‌ನ ಪಾಂಪಿದು ಕಲಾಕೇಂದ್ರ ಎಂದರೆ ಎಲ್ಲರಿಗೂ ನೆನಪಾಗುವುದು ಹೊರಗೋಡೆಯ ಬಣ್ಣಬಣ್ಣದ ಕೊಳವೆಗಳು. ನೀಲಿಯಲ್ಲಿ ಗಾಳಿ, ಹಸಿರಿನಲ್ಲಿ ನೀರು, ಹಳದಿಯಲ್ಲಿ ವಿದ್ಯುತ್ತು. ಜನರ ಓಡಾಟಕ್ಕೆ ಕೆಂಪು. ಕರುಳನ್ನೆಲ್ಲ ಹೊರಗೆಳೆದು ನಿಲ್ಲಿಸಿದ ಈ ಕಟ್ಟಡ 1977ರಲ್ಲಿ ತೆರೆದಾಗ ಮೂಗು ಮುರಿದವರು ಬಹಳ. ನನ್ನ ಕಣ್ಣಿಗೆ ಮಾತ್ರ ಇಲ್ಲಿಯ ನಿಜವಾದ ಸೋಜಿಗ ಆ ಕೊಳವೆಗಳ ಸಾಲಿನಲ್ಲಿ ಅಡಗಿರುವ ಒಂದು ಎರಕದ ಉಕ್ಕಿನ ತುಂಡು. ಅದರ ಹೆಸರು ಗೆರ್ಬರೆಟ್.

1971ರ ಸ್ಪರ್ಧೆಗೆ ಬಂದ 681 ವಿನ್ಯಾಸಗಳಲ್ಲಿ ಗೆದ್ದದ್ದು ರೆಂಜೊ ಪಿಯಾನೊ, ರಿಚರ್ಡ್ ರಾಜರ್ಸ್ ಮತ್ತು ಜಾನ್‌ಫ್ರಾಂಕೊ ಫ್ರಾಂಕಿನಿ ಅವರದು. ಅಂತಸ್ತುಗಳ ಒಳಗೆ ಒಂದು ಕಂಬವೂ ಅಡ್ಡ ಬರಕೂಡದು ಎಂಬುದು ಅವರ ಹಟ. ಇಂದು ದೈತ್ಯ ಶಿಲ್ಪ, ನಾಳೆ ಕತ್ತಲ ಕೋಣೆಯ ವಿಡಿಯೊ. ಹೊಸ ಕಲೆ ಯಾವ ಅಳತೆಯಲ್ಲಿ ಬಾಗಿಲಿಗೆ ಬರುತ್ತದೆಂದು ಮೊದಲೇ ಹೇಳಲಾಗದು. ಅದಕ್ಕೇ 7 ಮೀಟರ್ ಎತ್ತರದ ಅಂತಸ್ತುಗಳು, ಅಡ್ಡಲಾಗಿ 48 ಮೀಟರ್ ಅಂತರದಲ್ಲಿ ಕಂಬಗಳು.

ಇಷ್ಟು ಅಗಲವನ್ನು ದಾಟುವ ತೊಲೆ ನಡುವೆ ಬಾಗಲೇಬೇಕು. ಬಾಗಿಸುವ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಏರುವುದರಿಂದ ತೊಲೆಯನ್ನು ತುಸುವೇ ಮೊಟಕುಗೊಳಿಸಿದರೂ ಲಾಭ ದೊಡ್ಡದು. ಪೀಟರ್ ರೈಸ್ ಮತ್ತವರ ಎಂಜಿನಿಯರ್ ಸಂಗಡಿಗರು ತೊಲೆಯನ್ನು ಕಂಬಕ್ಕೆ ತಾಗಿಸಲೇ ಇಲ್ಲ. ಕಂಬದ ಮೇಲೆ ಗೆರ್ಬರೆಟ್ ಅನ್ನು ಏತದ ಮರದಂತೆ ಕೂರಿಸಿದರು. ಸುಮಾರು 8 ಮೀಟರ್ ಉದ್ದ, 10 ಟನ್ ಆಸುಪಾಸಿನ ತೂಕ. ಅದರ ಗಿಡ್ಡ ತೋಳು ಕಂಬದಿಂದ ಸುಮಾರು 1.6 ಮೀಟರ್ ಒಳಕ್ಕೆ ಚಾಚಿ ತೊಲೆಯನ್ನು ಹಿಡಿಯುತ್ತದೆ. ಎರಡೂ ಕಡೆ ಸೇರಿ ತೊಲೆ 3.2 ಮೀಟರ್ ಗಿಡ್ಡವಾಯಿತು; ಅಷ್ಟಕ್ಕೇ ಬಾಗಿಸುವ ಬಲದಲ್ಲಿ ಶೇಕಡ 13ರಷ್ಟು ಉಳಿತಾಯ! ಉದ್ದನೆಯ ತೋಳು 6 ಮೀಟರ್ ಹೊರಕ್ಕೆ ಚಾಚಿದೆ. ಅದರ ತುದಿ ಮೇಲೇಳದಂತೆ ಒಂದು ಉಕ್ಕಿನ ಸರಳು ನೆಲದ ಕಡೆಗೆ ಜಗ್ಗಿ ಹಿಡಿದಿದೆ. ತೋಳು ಉದ್ದವಾದ್ದರಿಂದ ತೊಲೆಯ ಭಾರದ ಕಾಲು ಭಾಗಕ್ಕಿಂತ ತುಸು ಹೆಚ್ಚು ಸೆಳೆತ ಸಾಕು. ಹಾಗೆಂದು ಭಾರವೇನೂ ಮಾಯವಾಗುವುದಿಲ್ಲ. ತೊಲೆಯ ಭಾರ, ಸರಳಿನ ಸೆಳೆತ ಎರಡನ್ನೂ ಕಂಬವೇ ಹೊರಬೇಕು. ಆ ಕಂಬಗಳು ಟೊಳ್ಳು. ಬೆಂಕಿ ಬಿದ್ದರೆ ಉಕ್ಕು ಕಾದು ಮೆತ್ತಗಾಗದಿರಲೆಂದು ಒಳಗೆ ನೀರು ತುಂಬಿದ್ದಾರೆ.

ಹೊರಗೆ ತೆರೆದಿಟ್ಟದ್ದಕ್ಕೆ ದಂಡವನ್ನೂ ತೆರಬೇಕು. ಬಿಸಿಲು, ಮಳೆ, ಹೊಗೆ ಯಾವುದಕ್ಕೂ ಮರೆಯಿಲ್ಲ. 2025ರಲ್ಲಿ ಕೇಂದ್ರ ದೀರ್ಘ ದುರಸ್ತಿಗೆಂದು ಬಾಗಿಲು ಹಾಕಿತು.

ಹೊರಚಾಚಿನ ಆ 6 ಮೀಟರ್ ಪಟ್ಟಿಯೇ ಕೊಳವೆಗಳ, ಲಿಫ್ಟುಗಳ ನೆಲೆ. ಗಾಜಿನ ಕೊಳವೆಯೊಳಗೆ ಓರೆಯಾಗಿ ಏರುವ ಎಸ್ಕಲೇಟರ್ ಕೂಡ ಅಲ್ಲೇ ಇದೆ. ಬಾಗಿಲು ಹಾಕುವ ಮುನ್ನ, ಪ್ಯಾರಿಸ್‌ನ ಮಾಳಿಗೆಗಳನ್ನು ನೋಡುತ್ತ ಅದರಲ್ಲಿ ಮೇಲೇರುತ್ತಿದ್ದವರ ಮೈಭಾರವೂ ಏತದ ಹೊರತೋಳಿನ ಮೇಲೆಯೇ ಬೀಳುತ್ತಿತ್ತು. ಒಳಗಿನ ಕಲಾಕೃತಿಗಳ ತೂಕಕ್ಕೆ ಎದುರಾಗಿ, ಒಂದಿಷ್ಟೇ ಇಷ್ಟು.