ಹೊಸ ಭಾಷೆ ಕಲಿಯಲು ಕೈಕಾಲೂ ಬೇಕು

ಬೇರೆ ಭಾಷೆ ಕಲಿಸೋದಾದರೆ ಮೂರು ನಾಲ್ಕು ವರ್ಷಕ್ಕೇ ಶುರು ಮಾಡಬೇಕು, ಆರನೇ ಕ್ಲಾಸಿಗೆ ಬಂದ ಮೇಲೆ ತಡವಾಯಿತು ಅಂತ ಎಷ್ಟೋ ಅಪ್ಪ ಅಮ್ಮಂದಿರು ನಂಬಿದ್ದಾರೆ. ಬೆಂಗಳೂರಿನ ಹಲವು ಶಾಲೆಗಳಲ್ಲಿ ಫ್ರೆಂಚ್, ಜರ್ಮನ್ ಪಾಠ ಶುರುವಾಗುವುದು ಸುಮಾರು ಆರನೇ ಕ್ಲಾಸಿನ ಹೊತ್ತಿಗೇ. ಹಾಗಾದರೆ ಈ ಮಕ್ಕಳಿಗೆ ಕಾಲ ಮೀರಿತೇ?

ಇಲ್ಲ. ಕ್ಯಾಥರೀನ್ ಸ್ನೋ ಮತ್ತು ಮರಿಯಾನ್ ಹೂಫ್ನಾಗೆಲ್-ಹೋಲೆ ಎಂಬ ಇಬ್ಬರು ಸಂಶೋಧಕಿಯರು 1978ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೆದರ್‌ಲ್ಯಾಂಡ್ಸ್‌ಗೆ ಬಂದಿದ್ದ ಇಂಗ್ಲಿಷ್ ಮಾತಿನವರು ಡಚ್ ಭಾಷೆಯನ್ನು ಹೇಗೆ ಕಲಿಯುತ್ತಾರೆ ಎಂದು ಅವರು ಗಮನಿಸಿದ್ದರು. ಮೊದಲ ಕೆಲವು ತಿಂಗಳಲ್ಲಿ ಚುರುಕಾಗಿ ಕಲಿತವರು 12ರಿಂದ 15 ವರ್ಷದ ಮಕ್ಕಳು ಮತ್ತು ದೊಡ್ಡವರು. 3ರಿಂದ 5 ವರ್ಷದ ಪುಟ್ಟವರೇ ಎಲ್ಲರಿಗಿಂತ ಹಿಂದಿದ್ದರು. ಆ ನೆಲದವರಂತೆಯೇ ಉಚ್ಚರಿಸುವ ವಿಷಯದಲ್ಲಿ ಚಿಕ್ಕಂದಿನಲ್ಲೇ ಶುರು ಮಾಡಿದವರಿಗೆ ಮುಂದೆ ಅನುಕೂಲ ಇರುತ್ತದೆ, ಅದು ನಿಜ. ಆದರೆ ಕಲಿಯುವ ವೇಗದಲ್ಲಿ ಹನ್ನೆರಡರ ಹುಡುಗಿ ನಾಲ್ಕು ವರ್ಷದ ತಮ್ಮನಿಗಿಂತ ಮುಂದು.

ಹಾಗಾಗಿ ವಯಸ್ಸಿನ ಚಿಂತೆ ಬಿಡೋಣ. ಕಲಿಸುವ ರೀತಿ ನೋಡೋಣ.

ಈ ವಯಸ್ಸಿನ ಮಕ್ಕಳ ಬಗ್ಗೆ ನನಗೆ ತುಂಬಾ ಮುಖ್ಯ ಅನ್ನಿಸಿದ ಸಂಶೋಧನೆ ಜರ್ಮನಿಯದು. ಬ್ರಯನ್ ಮಥಾಯಸ್, ಕಾಥರೀನಾ ಫಾನ್ ಕ್ರೀಗ್‌ಸ್ಟೈನ್ ಮತ್ತು ಸಂಗಡಿಗರು 12 ಮತ್ತು 14 ವರ್ಷದ ಜರ್ಮನ್ ಮಕ್ಕಳಿಗೆ ಸತತ 5 ದಿನ ಸ್ಪ್ಯಾನಿಷ್ ಪದಗಳನ್ನು ಕಲಿಸಿದರು. ಕೆಲವು ಪದಗಳನ್ನು ಮಕ್ಕಳು ಸುಮ್ನೆ ಕೇಳಿ ಕಲಿತರು. ಕೆಲವನ್ನು ಚಿತ್ರ ನೋಡುತ್ತಾ ಕಲಿತರು. ಇನ್ನು ಕೆಲವನ್ನು ಕೈಸನ್ನೆ, ಅಭಿನಯ ಮಾಡುತ್ತಾ ಕಲಿತರು. ಕಣ್ಣಿಗೆ ಕಾಣುವ ವಸ್ತುಗಳ ಹೆಸರಷ್ಟೇ ಅಲ್ಲ, ಕಾಣದ ಭಾವನೆ, ವಿಚಾರಗಳ ಪದಗಳೂ ಅದರಲ್ಲಿದ್ದವು.

3 ದಿನ ಬಿಟ್ಟು ಪರೀಕ್ಷೆ ಮಾಡಿದರು. 2 ತಿಂಗಳಾದ ಮೇಲೆ ಮತ್ತೊಮ್ಮೆ, 6 ತಿಂಗಳಾದ ಮೇಲೆ ಇನ್ನೊಮ್ಮೆ. ಬರೀ ಕೇಳಿ ಕಲಿತ ಪದಗಳಿಗಿಂತ ಚಿತ್ರ ಅಥವಾ ಸನ್ನೆಯ ಜೊತೆ ಕಲಿತ ಪದಗಳು ಚೆನ್ನಾಗಿ ನೆನಪಿದ್ದವು. ಆರು ತಿಂಗಳ ನಂತರವೂ ಆ ಲಾಭ ಉಳಿದಿತ್ತು. 12 ವರ್ಷದವರಿಗೆ ಚಿತ್ರ, ಸನ್ನೆ ಎರಡೂ ಒಂದೇ ಸಮ. 14 ವರ್ಷದವರಿಗೆ ಮಾತ್ರ ಚಿತ್ರಕ್ಕಿಂತ ಸನ್ನೆಯೇ ಹೆಚ್ಚು ಫಲ ಕೊಟ್ಟಿತು. ದೊಡ್ಡವರಲ್ಲೂ ಹೀಗೇ ಆಗುತ್ತದೆ ಎಂದು ಹಿಂದಿನ ಪ್ರಯೋಗಗಳು ತೋರಿಸಿದ್ದವು. ನಾವು ಮಾಡುತ್ತಿರುವುದು ಇದರ ತಿರುಗುಮುರುಗು, ಅಲ್ವಾ? ಎಲ್‌ಕೆಜಿಯಲ್ಲಿ ಕೈ ಬೀಸಿ ಹಾಡಿಸುತ್ತೇವೆ. ಎಂಟನೇ ಕ್ಲಾಸಿಗೆ ಬಂದ ಕೂಡಲೇ ಬೆಂಚಿನ ಮೇಲೆ ಅಲ್ಲಾಡದೆ ಕೂರಿಸಿ ಪದಗಳ ಪಟ್ಟಿ ಬಾಯಿಪಾಠ ಮಾಡಿಸುತ್ತೇವೆ.

ಸನ್ನೆ ಮಾಡಿದರೆ ಪದ ಯಾಕೆ ಉಳಿಯುತ್ತದೆ? ಇದೇ ತಂಡ ದೊಡ್ಡವರ ಮೇಲೆ ಇನ್ನೊಂದು ಪ್ರಯೋಗ ಮಾಡಿತ್ತು. ಮೆದುಳಿನಲ್ಲಿ ಕೈಕಾಲು ಆಡಿಸಲು ಆಜ್ಞೆ ಕೊಡುವ ಒಂದು ಭಾಗವಿದೆ. ತಲೆಯ ಹೊರಗಿನಿಂದ ಕಾಂತೀಯ ಮಿಡಿತಗಳನ್ನು ಕೊಟ್ಟು ಆ ಭಾಗದ ಕೆಲಸಕ್ಕೆ ಸ್ವಲ್ಪ ಹೊತ್ತು ಅಡ್ಡಿ ಮಾಡಿದರು. ಆಗ ಸನ್ನೆಯ ಜೊತೆ ಕಲಿತ ಪದಗಳ ಅರ್ಥ ಹೇಳುವುದು ನಿಧಾನವಾಯಿತು. ಚಿತ್ರದ ಜೊತೆ ಕಲಿತ ಪದಗಳಿಗೆ ಹಾಗಾಗಲಿಲ್ಲ. ಅಂದರೆ ಸನ್ನೆ ಕಲಿಯುವ ಹೊತ್ತಿನ ಮೋಜು ಮಾತ್ರವಲ್ಲ. ಆ ಪದದ ನೆನಪಿನಲ್ಲಿ ಚಲನೆಯೂ ಒಂದು ಪಾಲು. ಆಮೇಲೆ ಕೈ ಆಡಿಸದೆ ಕೂತಿದ್ದರೂ, ಪದ ಕೇಳಿದಾಗ ಆ ಭಾಗ ನೆರವಿಗೆ ಬರುತ್ತದೆ.

ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಜೇಮ್ಸ್ ಆಷರ್ 1960ರ ದಶಕದಲ್ಲೇ ಈ ದಾರಿ ಹಿಡಿದಿದ್ದರು. ಜಪಾನಿ, ರಷ್ಯನ್ ಭಾಷೆಗಳಲ್ಲಿ ಪ್ರಯೋಗ ನಡೆಸಿದರು. ಕಲಿಸುವವರು ಹೊಸ ಭಾಷೆಯಲ್ಲಿ ‘ಎದ್ದೇಳು’, ‘ನಡೆ’, ‘ಬಾಗಿಲ ಕಡೆ ಹೋಗು’ ಎನ್ನುತ್ತಾರೆ. ಕಲಿಯುವವರು ಮಾಡಿ ತೋರಿಸುತ್ತಾರೆ. ಮೊದಮೊದಲು ಬಾಯಿ ತೆರೆಯಲೇಬೇಕು ಎಂಬ ಒತ್ತಾಯವಿಲ್ಲ. ಹದಿಮೂರರ ಮಕ್ಕಳಿಗೆ ಇದು ದೊಡ್ಡ ಸಮಾಧಾನ. ಆ ವಯಸ್ಸಿನಲ್ಲಿ ತಪ್ಪು ಉಚ್ಚಾರಕ್ಕೆ ಪಕ್ಕದ ಬೆಂಚಿನವರು ನಕ್ಕರೆ ವರ್ಷವಿಡೀ ಬಾಯಿ ಬಿಡದ ಮಕ್ಕಳಿದ್ದಾರೆ. ಅಭಿನಯಕ್ಕೂ ನಾಚಿಕೆ ಅಡ್ಡ ಬರಬಹುದು. ಅದಕ್ಕೇ ಒಬ್ಬರನ್ನೇ ಮುಂದೆ ನಿಲ್ಲಿಸಬಾರದು. ಎಲ್ಲರೂ ಒಟ್ಟಿಗೆ ಮಾಡಲಿ, ಮೇಷ್ಟ್ರೂ ಮಾಡಲಿ.

ತಲೆಯೊಳಗೆ ಚಿತ್ರ ಕಟ್ಟುವ ಉಪಾಯವೂ ಇದೆ. ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕಲ್ ರಾ 1975ರಲ್ಲಿ ವಿದ್ಯಾರ್ಥಿಗಳಿಗೆ 120 ರಷ್ಯನ್ ಪದಗಳನ್ನು ಹೀಗೆ ಕಲಿಸಿದರು. ಹೊಸ ಪದದಂತೆ ಕೇಳಿಸುವ ಒಂದು ಪದವನ್ನು ಸ್ವಂತ ಭಾಷೆಯಲ್ಲಿ ಹುಡುಕಬೇಕು. ಆಮೇಲೆ ಎರಡನ್ನೂ ಸೇರಿಸಿ ಒಂದು ಚಿತ್ರ ಕಲ್ಪಿಸಿಕೊಳ್ಳಬೇಕು. ಈ ಉಪಾಯ ಬಳಸಿದವರು 72% ಪದಗಳನ್ನು ನೆನಪಿಟ್ಟುಕೊಂಡರು, ಬಳಸದವರು 46%. ಕನ್ನಡದ ಮಕ್ಕಳಿಗೆ ಇದು ಸಲೀಸು. ಸ್ಪ್ಯಾನಿಷ್‌ನಲ್ಲಿ ‘ಕಾರಾ’ ಅಂದರೆ ಮುಖ. ಮೆಣಸಿನಕಾಯಿ ಬಜ್ಜಿ ಕಚ್ಚಿ, ಖಾರ ಹತ್ತಿ ಕೆಂಪಾದ ಮುಖ ಊಹಿಸಿಕೊಂಡರೆ ಸಾಕು. ‘ಮೇಸಾ’ ಅಂದರೆ ಮೇಜು. ಮೀಸೆ ಬೆಳೆಸಿದ ಮೇಜು ಹೇಗಿರುತ್ತದೆ ಅಂತ ಮಕ್ಕಳನ್ನೇ ಬರೆಯಲು ಬಿಡಿ. ಚಿತ್ರ ಎಷ್ಟು ವಿಚಿತ್ರವಾಗಿದ್ದರೂ ಪರವಾಗಿಲ್ಲ, ಅದು ಮಕ್ಕಳದ್ದೇ ಆಗಿರಲಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೃಜನಶೀಲ ಪಾಠ ಅಂತ ನಡೆಯುವ ಎಷ್ಟೋ ಚಟುವಟಿಕೆಗಳಲ್ಲಿ ಭಾಷೆಯೇ ಇರುವುದಿಲ್ಲ. ಐಫೆಲ್ ಗೋಪುರದ ರಟ್ಟಿನ ಮಾಡೆಲ್ ಮಾಡಲು ಒಂದು ವಾರ ಹಿಡಿಯುತ್ತದೆ. ಆ ವಾರದಲ್ಲಿ ಮಕ್ಕಳು ಆಡಿದ ಫ್ರೆಂಚ್ ಮಾತೆಷ್ಟು? ಬಾವುಟಕ್ಕೆ ಬಣ್ಣ ತುಂಬಿದರೆ ಕ್ರಿಯಾಪದ ಬರುವುದಿಲ್ಲ. ಆಟ ಆಡಿಸಿ, ನಾಟಕ ಆಡಿಸಿ, ಆದರೆ ಪ್ರತಿ ಸರದಿಯಲ್ಲೂ ಮಗು ಒಂದು ಪದವನ್ನೋ ವಾಕ್ಯವನ್ನೋ ನೆನಪಿನಿಂದ ಹೊರಗೆ ತೆಗೆಯುವಂತಿರಲಿ.

ಹೀಗೆ ಹೊರಗೆ ತೆಗೆಯುವುದರಲ್ಲೇ ಕಲಿಕೆಯ ಬಲ ಇದೆ. 2008ರಲ್ಲಿ ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದಗಳನ್ನು ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನೂ ಮತ್ತೆ ಮತ್ತೆ ನೆನಪಿಸಿಕೊಂಡು ಹೇಳಿದವರಿಗೆ ವಾರದ ನಂತರ ಸುಮಾರು 80% ನೆನಪಿತ್ತು. ಅಂಥ ಪದವನ್ನು ಮತ್ತೆ ಬರೀ ಓದಿದವರಿಗೆ ಅದರ ಅರ್ಧವೂ ನೆನಪಿರಲಿಲ್ಲ. ಇದಕ್ಕೆ ಅಂಕಗಳ ಪರೀಕ್ಷೆ ಬೇಕಿಲ್ಲ. ಒಬ್ಬರು ಸನ್ನೆ ಮಾಡಲಿ, ಉಳಿದವರು ಹೊಸ ಭಾಷೆಯಲ್ಲಿ ಪದ ಹೇಳಲಿ. ಆಮೇಲೆ ಆ ಪದ ಇಟ್ಟುಕೊಂಡು ಒಂದೊಂದು ಬೆಂಚಿನವರು ಒಂದೊಂದು ವಾಕ್ಯ ಸೇರಿಸಿ ಕತೆ ಕಟ್ಟಲಿ. ಅಲ್ಲಿಂದ ಪದ ಮಾತಾಗುತ್ತದೆ. ಮುಂದಿನ ವಾರದ ಕತೆಯಲ್ಲಿ ಹಳೆಯ ಪದಗಳೂ ಬರಲಿ. ಡಿಸೆಂಬರಿನಲ್ಲಿ ಕಲಿಸಿದ್ದನ್ನು ಜೂನಿನಲ್ಲಿ ಶಾಲೆ ತೆರೆದ ಮೊದಲ ವಾರವೇ ಆಟದಲ್ಲಿ ಕೇಳಿ. ಮರೆತಿದ್ದರೆ ಸನ್ನೆ ಮಾಡಿ ತೋರಿಸಿ, ಪದವನ್ನು ಮಕ್ಕಳೇ ಹೇಳಲಿ.